ಚನ್ನವೀರಪ್ಪನ ಎರಡನೇ ಬ್ಯಾಟರಿ

ಹಿಂದಿನ ಕಾಲದ ಜನ ಬೆಳಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳುತ್ತಿದ್ದರಂತೆ. ರಾಯಚೂರಿನ ಚನ್ನವೀರಪ್ಪ ಮೀಟರ್ ನೋಡುತ್ತಿದ್ದ! ಕಣ್ಣು ಪೂರ್ತಿ ಬಿಡುವ ಮೊದಲೇ ಲುಂಗಿ ಬಿಗಿದುಕೊಂಡು ಅಂಗಳಕ್ಕೆ ಧಾವಿಸಿ, ಅಲ್ಲಿ ನಿಂತ ವ್ಯಾನಿನೊಳಗೆ ತಲೆ ತೂರಿಸಿ, ಕೆಂಪು ಅಂಕಿಗಳ ದರ್ಶನ ಪಡೆದು, ಓಣಿಗೆಲ್ಲ ಕೇಳುವಂತೆ ಘೋಷಿಸುತ್ತಿದ್ದ: "ಹನ್ನೆರಡು ಪಾಯಿಂಟ್ ಏಳು!"

ಎದುರು ಮನೆಯ ಈರಯ್ಯನವರು ಆ ಘೋಷಣೆ ಕೇಳಿದ ಮೇಲೆಯೇ ಹಲ್ಲುಜ್ಜಲು ಶುರು ಮಾಡುತ್ತಿದ್ದರು. ಚನ್ನವೀರಪ್ಪ ಪರವೂರಿಗೆ ಹೋಗಿದ್ದ ಒಂದು ದಿನ ಘೋಷಣೆಯಿಲ್ಲದೆ ಈರಯ್ಯನವರು ಮಧ್ಯಾಹ್ನದವರೆಗೂ ಬ್ರಷ್ಷು ಹಿಡಿದು ನಿಂತಿದ್ದರೆಂದು ಓಣಿಯ ಇತಿಹಾಸ ಹೇಳುತ್ತದೆ.

ಶಾಲೆ ಮಕ್ಕಳನ್ನು ಹೊತ್ತು ಹೊತ್ತು ಸುಸ್ತಾಗಿದ್ದ ಹಳೇ ವ್ಯಾನು ಅದು. ಚನ್ನವೀರಪ್ಪ ಅದನ್ನು ಕೊಂಡು, ಒಳಗೆ ಮಂಚ, ಒಲೆ, ಪುಟ್ಟ ಫ್ರಿಜ್ಜು, ಫ್ಯಾನು ಎಲ್ಲ ಕೂಡಿಸಿ, 'ಚಲಿಸುವ ಅರಮನೆ' ಎಂದು ನಾಮಕರಣ ಮಾಡಿದ್ದ. ಅರಮನೆಗೆ ಎರಡು ಬ್ಯಾಟರಿ. ಮೊದಲನೆಯದು ಎಂಜಿನ್ ಚಾಲೂ ಮಾಡಲು. ಎರಡನೆಯದು, ಗಾಡಿ ನಿಂತಾಗ ಫ್ಯಾನು, ದೀಪ, ಫ್ರಿಜ್ಜು ನಡೆಸಲು. ಈ ಎರಡನೆಯದರ ನಾಡಿ ಹಿಡಿದು ಹೇಳುವುದೇ ಆ ಮೀಟರಿನ ಕೆಲಸ.

"ಮದಿವ್ಯಾಗಿ ಇಷ್ಟು ವರ್ಷ ಆತು, ಒಮ್ಮೆರ ನನ್ನ ಹಣಿ ಮುಟ್ಟಿ ಜ್ವರ ನೋಡೀರೇನ್ರೀ? ಎರಡನೇದು ಮನಿಗಿ ಬಂದಿಂದ ದಿನಾ ನಾಡಿ ಹಿಡಿಯಾಕತ್ತೀರಿ!" ಎಂದಳು ಹೆಂಡತಿ ನಾಗರತ್ನಾ.

"ಅದಕ್ಕ ಬಾಯಿಲ್ಲಲ್ಲ ನಾಗೂ, ನಾವ ನೋಡಬೇಕು."

"ಬಾಯಿಲ್ಲಂತನ ನಿಮಗ ಅಷ್ಟು ಚಂದ ಕಾಣ್ತದ ಬಿಡ್ರಿ."

ಅರಮನೆಗೆ ಒಬ್ಬ ವೈರಿಯೂ ಇದ್ದ. ನಾಗರತ್ನಾಳ ತಮ್ಮ ಮಲ್ಲೇಶ, ಮಾನ್ವಿಯ ಅಕ್ಕಿ ಗಿರಣಿ ಮಾಲೀಕ. ಬಂದಾಗಲೆಲ್ಲ ವ್ಯಾನಿನೊಳಗೆ ಎರಡೂ ತೋಳು ಚಾಚಿ ಅಳತೆ ಹಿಡಿಯುತ್ತಿದ್ದ. "ಮಾಮಾ, ಈ ಮಂಚ ಕಿತ್ತಿದ್ರ ಮೂವತ್ತು ಚೀಲ ಆರಾಮ ಹಿಡಿತಾವ ನೋಡ್ರಿ!"

ಒಂದು ದಿನ ಚನ್ನವೀರಪ್ಪನ ರಕ್ತ ಕುದಿಯಿತು. ಎದೆಯುಬ್ಬಿಸಿ ಪ್ರತಿಜ್ಞೆ ಮಾಡಿಬಿಟ್ಟ: "ಬರೋ ಅಮಾಸಿಗೆ ಅತ್ತಿಯವರನ್ನ ಈ ಗಾಡ್ಯಾಗ ಗೂಗಲ್ಲಿಗೆ, ಅಲ್ಲಮಪ್ರಭುವಿನ ದರ್ಶನಕ್ಕ ಕರ್ಕೊಂಡು ಹೋಗ್ತೀನಿ. ಹೊರಗ ಬೆಂಕಿ ಸುರೀಲಿ, ಒಳಗ ಅವರ ಹಣಿ ಮ್ಯಾಲ ಒಂದು ಹನಿ ಬೆವರು ಕಂಡ್ರ ಗಾಡಿ ನಿನ್ನ ಗಿರಣಿಗಿ!"

"ಸಾಕ್ಷಿಗಿ ನಾ ಅದೀನಿ," ಎಂದಳು ನಾಗರತ್ನಾ. ಯಾರ ಪರವೆಂದು ಹೇಳಲಿಲ್ಲ.

ಅಮಾವಾಸ್ಯೆ ಬಂತು. ಅವತ್ತು ಗಾಡಿ ತೊಳೆದು ಪೂಜೆ ಮಾಡದ ಮನೆ ಓಣಿಯಲ್ಲಿಲ್ಲ. ಬೇರೆಯವರು ಗಾಡಿಯ ಹಣೆಗೆ ವಿಭೂತಿ ಬಳಿದು, ನಿಂಬೆಹಣ್ಣು ಕಟ್ಟಿ ಮುಗಿಸಿದರು. ಚನ್ನವೀರಪ್ಪನ ಭಕ್ತಿಗೆ ಅಷ್ಟು ಸಾಲುತ್ತದೆಯೇ? ಮಂಚದ ಕೆಳಗಿನ ಪೆಟ್ಟಿಗೆ ತೆರೆದು, ಎರಡನೇ ಬ್ಯಾಟರಿಯ ವೈರಿನ ಕ್ಲಾಂಪುಗಳನ್ನೇ ಬಿಚ್ಚಿ, ಅವು ಕಚ್ಚಿ ಕೂರುವ ಎರಡು ಸೀಸದ ಗುಬುಟುಗಳಿಗೆ ಸುತ್ತಲೂ ದಪ್ಪಗೆ ವಿಭೂತಿ ಲೇಪಿಸಿ, ಕುಂಕುಮವಿಟ್ಟು, ಮತ್ತೆ ಕ್ಲಾಂಪ್ ಹಾಕಿ, ಕಾಯಿ ಒಡೆದು ಕೈಮುಗಿದ. "ಮಾನ ಕಾಯಪ್ಪಾ!"

ಮಾನ್ವಿಯಲ್ಲಿ ಅತ್ತೆ ಶಿವಬಸಮ್ಮನವರನ್ನೂ ಮಲ್ಲೇಶನನ್ನೂ ಹತ್ತಿಸಿಕೊಂಡು, ಕಾಲುವೆ, ಗದ್ದೆ ದಾಟಿ ಅರಮನೆ ದೇವದುರ್ಗದ ದಾರಿ ಹಿಡಿಯಿತು. ಎಂಜಿನ್ ಓಡುತ್ತಿತ್ತು, ಅದರದೇ ಕರೆಂಟಿನಲ್ಲಿ ಫ್ಯಾನು ಭರ್ರನೆ ತಿರುಗುತ್ತಿತ್ತು. "ಥಂಡಿ ಹತ್ತಾಕತ್ತದವಾ," ಎಂದು ಶಿವಬಸಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡರು. ಚನ್ನವೀರಪ್ಪ ಕನ್ನಡಿಯಲ್ಲಿ ಮಲ್ಲೇಶನಿಗೆ ಚಕ್ರವರ್ತಿಯ ನಗೆಯೊಂದನ್ನು ದಯಪಾಲಿಸಿದ.

ಗೂಗಲ್ಲಿನಲ್ಲಿ ದರ್ಶನ ಮುಗಿಸಿ ಬರುವಷ್ಟರಲ್ಲಿ ಹೊಳೆದಂಡೆಯ ಬಿಸಿಲಿಗೆ ಅರಮನೆ ಕಾದ ಹಂಚಾಗಿತ್ತು. ಅತ್ತೆಯನ್ನು ಮಂಚದ ಮೇಲೆ ಕೂರಿಸಿ ಚನ್ನವೀರಪ್ಪ ಗಂಟಲು ಸರಿಮಾಡಿಕೊಂಡ. "ಎಂಜಿನ್ ಬಂದ್ ಅದ. ಈಗ ನೋಡ್ರಿ ಎರಡನೇದರ ಪ್ರತಾಪ!"

ಸ್ವಿಚ್ ಒತ್ತಿದ. ಫ್ಯಾನು ಒಲ್ಲೆನೆಂಬಂತೆ ಒಮ್ಮೆ ತಲೆಯಾಡಿಸಿ ನಿಂತುಬಿಟ್ಟಿತು!

ಮೀಟರ್ ನೋಡಿದರೆ ಆರು. ಸ್ವಿಚ್ ಆರಿಸಿದ, ಹನ್ನೆರಡು ಪಾಯಿಂಟ್ ಏಳು. ಹಾಕಿದ, ಆರು. ಮೀಟರಿನ ಜೊತೆಗೆ ಚನ್ನವೀರಪ್ಪನ ಎದೆಯೂ ಏರುತ್ತ ಇಳಿಯುತ್ತ ಕೂತಿತು. ಕೊನೆಗೆ ತುರ್ತು ಪರಿಸ್ಥಿತಿ ಘೋಷಣೆಯಾಯಿತು: "ದೀಪ ಆರಿಸ್ರಿ! ಫ್ರಿಜ್ ಬಂದ್ ಮಾಡ್ರಿ! ಲೇ ಮಲ್ಲೇಶ, ಮೊಬೈಲ್ ಕೀಳು!"

ಮಜ್ಜಿಗೆ ಪಾತ್ರೆಯ ಮುಚ್ಚಳದಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಶಿವಬಸಮ್ಮ ಮೆಲ್ಲಗೆ ಕೇಳಿದರು: "ಅಳಿಯಂದ್ರ, ಕಿಟಕಿ ತೆಗಿಯಾಕ ಕರೆಂಟ್ ಬೇಕಾಗಂಗಿಲ್ಲ, ಹೌದಲ್ರಿ?"

ಅವರ ಹಣೆಯ ಮೇಲೆ ಏನೋ ಮಿಂಚಿತು. ಮಲ್ಲೇಶ ಎದ್ದು, ಮಂಚವನ್ನು ಯಾವ ಕಡೆಯಿಂದ ಕೀಳಬೇಕೆಂದು ಬಗ್ಗಿ ನೋಡತೊಡಗಿದ.

"ಬ್ಯಾಟರಿಗಿ ದಿಟ್ಟಿ ಆಗ್ಯದ!" ಎಂದು ಚನ್ನವೀರಪ್ಪ ಗುಡುಗಿದ. "ಮೂವತ್ತು ಚೀಲ, ಮೂವತ್ತು ಚೀಲ ಅಂತ ಕಣ್ಣು ಹಾಕಿದವ ನೀನ!"

"ಸ್ವಲ್ಪ ಸರೀರಿ," ಎಂದಳು ನಾಗರತ್ನಾ. ಪೆಟ್ಟಿಗೆ ತೆರೆದು ಇಣುಕಿದಳು. "ಅಯ್ಯ, ಬೆಳ್ಳಗ ಉಪ್ಪು ಬಂದದ. ಮನಿ ಇನ್ವರ್ಟರಿಗೂ ಹಿಂಗ ಬರ್ತದ. ಬಿಸಿನೀರು ಹಾಕಿ ತಿಕ್ಕಾಕಿ ನಾನ ಅಲ್ಲೇನು? ನಿಮಗೆಲ್ಲಿ ಗೊತ್ತಿರಬೇಕು!" ಕ್ಲಾಂಪ್ ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿದಳು. ಬಟ್ಟೆ ನೋಡಿದಳು. ಮೂಸಿದಳು. ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಇದು ಉಪ್ಪಲ್ಲ. ಇಭೂತಿ!"

ಚನ್ನವೀರಪ್ಪ ಮೆಲ್ಲಗೆ ಮೀಟರಿನ ಕಡೆ ಮುಖ ತಿರುಗಿಸಿದ. ನಾಗರತ್ನಾ ಬಿಡಲಿಲ್ಲ.

"ಕ್ಲಾಂಪಿನ ಒಳಗ ಇಷ್ಟು ಇಭೂತಿ ಮೆತ್ತಿದ್ರ ಕರೆಂಟ್ ಹೆಂಗ ದಾಟಬೇಕ್ರೀ? ಬ್ಯಾಟರಿ ತುಂಬಿ ಕುಂತದ, ನೀವು ಬಾಗಲಾ ಹಾಕೀರಿ!"

ಶಿವಬಸಮ್ಮ ಇಭೂತಿಯೆಂದ ಕೂಡಲೇ ಭಕ್ತಿಯಿಂದ ಬಟ್ಟೆಗೆ ಕೈ ಚಾಚಿದರು. "ಯವ್ವಾ, ಬ್ಯಾಡ! ಬ್ಯಾಟರಿದು ಅದು!" ಎಂದು ನಾಗರತ್ನಾ ಕಸಿದುಕೊಂಡಳು. ಕ್ಲಾಂಪ್ ಬಿಗಿದು ಸ್ವಿಚ್ ಒತ್ತಿದಳು. ಫ್ಯಾನು ಭರ್ರೆಂದು ಹೊರಟಿತು. ಚನ್ನವೀರಪ್ಪನಿಗೆ ಮಾತ್ರ ಆಗ ಧಾರಾಕಾರ ಬೆವರು!

"ಅದೆಲ್ಲಾ ಇರ್ಲಿ," ಎಂದ ಮಲ್ಲೇಶ. "ಯವ್ವನ ಹಣಿ ಮ್ಯಾಲ ಬೆವರು ಬಂತು. ಗಾಡಿ ನನ್ನದು."

"ಬೆವರಲ್ಲೋ ಅದು," ಎಂದರು ಶಿವಬಸಮ್ಮ, ಸೆರಗಿನಿಂದ ಹಣೆ ಒತ್ತಿಕೊಳ್ಳುತ್ತ. "ಮಜ್ಜಿಗಿ ಸಿಡಿದಿತ್ತು."

ಅತ್ತೆಯೆಂದರೆ ದೇವರೆಂದು ಚನ್ನವೀರಪ್ಪನಿಗೆ ಆ ಕ್ಷಣ ಸಾಕ್ಷಾತ್ಕಾರವಾಯಿತು. ಅರಮನೆ ಉಳಿಯಿತು. ಆದರೆ ಸಿಂಹಾಸನ ಉಳಿಯಲಿಲ್ಲ. ವ್ಯಾನಿನದೂ ಬ್ಯಾಟರಿ ಪೆಟ್ಟಿಗೆಯದೂ ಬೀಗದ ಕೈಗಳು ನಾಗರತ್ನಾಳ ಸೊಂಟ ಸೇರಿದವು. "ಇನ್ಮ್ಯಾಲ ಮೀಟರ್ ನಾ ನೋಡ್ತೀನಿ. ನೀವು ದೂರದಿಂದ ಕೈಮುಗೀರಿ, ಸಾಕು."

ಮರುದಿನ ಬೆಳಗ್ಗೆ ಓಣಿ ಕಾದಿತ್ತು. ಘೋಷಣೆ ಇಲ್ಲ. ಬ್ರಷ್ಷಿಗೆ ಪೇಸ್ಟ್ ಹಚ್ಚಿಕೊಂಡು ನಿಂತೂ ನಿಂತೂ ಸಾಕಾದ ಈರಯ್ಯನವರು, ಬೀಗ ಹಾಕಿದ ವ್ಯಾನಿನ ಪಕ್ಕ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ ವೀರನನ್ನು ಕೂಗಿ ಕೇಳಿದರು: "ಚನ್ನವೀರಪ್ಪಾರ, ಇವತ್ತು ಎಷ್ಟದ್ರೀ ವೋಲ್ಟು?"

"ಅಕಿ ಇನ್ನಾ ಎದ್ದಿಲ್ರೀ."