ಮದುವೆಯಾದವನಿಗೆ ಹೆಣ್ಣು ಹುಡುಕಿದ ಪೆಟ್ಟಿಗೆ

ಒಂದೇ ದಿನ ಏಳು ಸಂಬಂಧ ಕುದುರಿಸಿದವ ನಾನು. ಸಾಕ್ಷಿ ಇದ್ದವರೆಲ್ಲ ತೀರಿಹೋದರು, ನೀವು ನಂಬಬೇಕಷ್ಟೆ. ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಆದರೆ ಮೂರು ತಾಲೂಕಿನ ಮದುವೆ ಪ್ರಾಯದವರೆಲ್ಲ ನನ್ನ ತಲೆಯಲ್ಲಿದ್ದರು. ಇಂಥವನಿಗೇ ಫಜೀತಿ ಬರುವುದು.

ತೋಡಾರಿನ ಕಾಫಿ

ಮೆಲ್ಕಾರಿನಲ್ಲಿ ಒಬ್ಬ ಕಂಪ್ಯೂಟರ್ ಇಟ್ಟು ಮದುವೆ ಬ್ಯೂರೋ ತೆರೆದ. ನನಗೆ ಪಾರ್ಟಿಗಳಿಗೆ ದಾರಿ ತೋರಿಸುವ ಕೆಲಸ. "ಇನ್ನು ನಿಮ್ಮ ತಲೆ ಬೇಡ ಅಜ್ಜ, ಕಾಲು ಸಾಕು" ಅಂದ ಧಣಿ.

ತೋಡಾರಿನ ಒಂದು ಮನೆಯ ಹುಡುಗನಿಗೆ ಮದುವೆ ಆಗಿಲ್ಲ ಅಂತ ಆ ಕಂಪ್ಯೂಟರ್ ಪೆಟ್ಟಿಗೆ ತೋರಿಸಿತು. ಹುಡುಗಿಯ ಅಪ್ಪನನ್ನು ಕರೆದುಕೊಂಡು ಹೋದೆ. ಕರಿಮಣಿ ಹಾಕಿದ ಹೆಂಗಸೊಬ್ಬಳು ಕಾಫಿ ತಂದಳು.

"ಹುಡುಗನ ಅಕ್ಕನಾ?" ಅಂತ ಕೇಳಿದರು ಅಪ್ಪ.

"ಹೆಂಡತಿ. ನಿಮ್ಮ ಮಗಳನ್ನೂ ಕರ್ಕೊಂಡು ಬರಬಹುದಿತ್ತು, ಲೋಟ ತೊಳೆಯಲಿಕ್ಕೆ ಜನ ಬೇಕಿತ್ತು" ಅಂದಳು ಅವಳು.

ಉದಾಸೀನದ ಪೆಟ್ಟಿಗೆ

ಬೈಗಳೆಲ್ಲ ನನಗೇ. "ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಕೂತ್ಕೊಳ್ಳಿ" ಅಂದ ಧಣಿ. ಪೆಟ್ಟಿಗೆ ಸರಿ ಮಾಡಲಿಕ್ಕೆ ಮೂಡುಬಿದಿರೆಯಿಂದ ಇಂಜಿನಿಯರ್ ಅಕ್ಕ ಬಂದರು.

"ಮನೆಯ ದಾಖಲೆ ತೆರೆದರೆ ಅದಕ್ಕೆ ಸೇರಿದ ಮಕ್ಕಳ ದಾಖಲೆಯನ್ನೂ ಡೇಟಾಬೇಸಿನಿಂದ ಒಟ್ಟಿಗೆ ತಂದು ಹತ್ತಿರ ಇಟ್ಟುಕೊಳ್ತದೆ ಅಜ್ಜ, ಬೇಗ ಸಿಗಲಿ ಅಂತ. ಮತ್ತೆ ಕೇಳಿದರೆ ಅಲ್ಲಿಗೆ ಹೋಗುವುದಿಲ್ಲ, ಇಟ್ಟದ್ದನ್ನೇ ತೋರಿಸ್ತದೆ. ಹುಡುಗನ ಮದುವೆ ಡೇಟಾಬೇಸಿನಲ್ಲಿ ಉಂಟು, ಇದು ಹಳೆಯ ಹುಡುಗನನ್ನೇ ಹಿಡ್ಕೊಂಡು ಕೂತಿದೆ."

"ಪುನಃ ಹೋಗಿ ನೋಡಲಿಕ್ಕೆ ಉದಾಸೀನವಾ ಸೋಮಾರಿಗೆ?"

"ಹಾಗೇ ಅಂತ ತಿಳ್ಕೊಳ್ಳಿ."

ಆ ಉದಾಸೀನದ ಪೆಟ್ಟಿಗೆಗೆ ಏಸಿ ಕೋಣೆ. ನಡೆದು ನಡೆದು ಚಪ್ಪಲಿ ಸವೆಸಿದ ನನಗೆ ಹೊರಗಿನ ಜಗಲಿ.

ಬೆಳ್ತಂಗಡಿಯ ಹುಡುಗಿ

ಮತ್ತೊಂದು ಪಾರ್ಟಿಯನ್ನು, ಹುಡುಗನ ಕಡೆಯವರನ್ನು, ಬೆಳ್ತಂಗಡಿಗೆ ಕರೆದುಕೊಂಡು ಹೋದೆ. "ಮಗಳು ಇದ್ದಾಳಾ?" ಅಂತ ಹುಡುಗಿಯ ತಾಯಿಯನ್ನು ಕೇಳಿದೆ.

"ಇದ್ದಾಳೆ, ಕೂತ್ಕೊಳ್ಳಿ. ಮಗುವನ್ನು ಅಂಗನವಾಡಿಯಿಂದ ಕರ್ಕೊಂಡು ಬರಲಿಕ್ಕೆ ಹೋಗಿದ್ದಾಳೆ."

"ಯಾರ ಮಗು?"

"ಅವಳದ್ದೇ!"

ಅಲ್ಲಿಗೆ ನನ್ನ ಕೆಲಸ ಹೋಯಿತು. ಮೊನ್ನೆ ಬಂಟ್ವಾಳದ ಹೋಟೆಲಿನಲ್ಲಿ ಇದನ್ನೇ ಹೇಳಿ, "ತಪ್ಪು ಪೆಟ್ಟಿಗೆಯದ್ದು, ಹೊಟ್ಟೆಗೆ ಹೊಡೆದದ್ದು ನನಗೆ" ಅಂದೆ. ಎಲ್ಲರೂ "ಛೆ ಛೆ" ಅಂದರು.

ಪಕ್ಕದ ಮೇಜಿನಲ್ಲಿ ಬನ್ಸ್ ತಿನ್ನುತ್ತಿದ್ದವ ತಲೆ ಎತ್ತಿದ.

"ಸುಳ್ಳು ಅಜ್ಜ. ಆ ಬೆಳ್ತಂಗಡಿ ಹುಡುಗಿಗೆ ಮದುವೆ ಆಗಿದೆ ಅಂತ ರಿಪೇರಿಯಾದ ಕಂಪ್ಯೂಟರ್ ಸರಿಯಾಗಿಯೇ ತೋರಿಸಿತ್ತು. 'ಅದಕ್ಕೇನು ಗೊತ್ತು, ಆ ಮನೆಯನ್ನು ನಾನು ನೋಡಿದ್ದೇನೆ' ಅಂತ ನೀವೇ ಹೊರಡಿಸಿದ್ದು. ನೀವು ನೋಡಿದ್ದು ಐದು ವರ್ಷ ಹಿಂದೆ."

"ನಿನಗೆ ಹೇಗೆ ಗೊತ್ತು ಮಾರಾಯ?"

"ಆ ದಿನ ಹೊಸ ಅಂಗಿ ಹಾಕಿ ನಿಮ್ಮ ಹಿಂದೆ ಬಂದ ಮದುಮಗ ನಾನೇ."

ನಾನು ಹೆಗಲಿನ ಶಾಲು ಕೊಡವಿದೆ. "ಇರಲಿ ಬಿಡು. ನಿನಗೆ ಇನ್ನೂ ಆಗಲಿಲ್ಲವಾ? ಸಿದ್ಧಕಟ್ಟೆಯಲ್ಲಿ ಒಬ್ಬಳು ಹುಡುಗಿ ಉಂಟು, ನಾನೇ ನೋಡಿದ್ದೇನೆ."