ಅಪ್ಪ ಮಲಗಿದ ಮೇಲೆ ಆಟ

ಲೋಕದಲ್ಲೆಲ್ಲ ತಾಯಂದಿರು ಮಕ್ಕಳನ್ನು ಮಲಗಿಸಲು ಒದ್ದಾಡುತ್ತಾರಂತೆ. ದಾಂಡೇಲಿಯ ನಮ್ಮ ಕಾಲನಿಯಲ್ಲಿ ಮಲಗಿಸಬೇಕಾದದ್ದು ಗಂಡಂದಿರನ್ನು. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದು, ಒಂದು ತಾಟು ಅವಲಕ್ಕಿ ತಿಂದು ನಮ್ಮವರು ಹಾಸಿಗೆಗೆ ಬಿದ್ದರೆಂದರೆ, ಆಮೇಲೆ ನಾನು ಒಗ್ಗರಣೆಯನ್ನೂ ಉಸಿರು ಬಿಗಿಹಿಡಿದು ಹಾಕಬೇಕು. ಕುಕ್ಕರಿನ ಸೀಟಿಗೆ ಹೆದರಿ ಬೇಳೆಯನ್ನು ಪಾತೇಲಿಯಲ್ಲೇ ಬೇಯಿಸುತ್ತಿದ್ದೆ. ಇಂಥದರಲ್ಲಿ ಬೇಸಿಗೆ ರಜೆ ಬಂದು ಮಗಳು ಶಶಿ, ಮಗ ಗಿರೀಶ ಇಬ್ಬರೂ ಮನೆಯಲ್ಲೇ ಬಿಡಾರ ಹೂಡಿದರೆ ನನ್ನ ಗತಿ ಏನಾಗಬೇಡ! ಬೈಗುಳವನ್ನೂ ಪಿಸುಗುಟ್ಟಬೇಕು. ಪಿಸುಗುಟ್ಟಿದ ಬೈಗುಳಕ್ಕೆ ಯಾವ ಮಕ್ಕಳು ಹೆದರುತ್ತವೆ, ನೀವೇ ಹೇಳಿ.

ಆಗ ದೇವರ ಹಾಗೆ ಬಂದವನು ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ. ಮಕ್ಕಳಿಗೆಂದು ಅಂಗೈಯಗಲದ ಒಂದು ವಿಡಿಯೋ ಗೇಮು ತಂದಿದ್ದ. ಟೋಪಿ ಹಾಕಿದ ಒಬ್ಬ ಮನುಷ್ಯ, ಅವನ ಕೈಯಲ್ಲೊಂದು ಬುಟ್ಟಿ. ಮೇಲಿಂದ ತೆಂಗಿನಕಾಯಿ ಬೀಳುತ್ತವೆ, ಅವನನ್ನು ಗುಂಡಿ ಒತ್ತಿ ಅತ್ತಿತ್ತ ಓಡಿಸಿ ಹಿಡಿಸಬೇಕು. ಇಷ್ಟೇ ಆಟ. ಟಿಕ್ ಟಿಕ್ ಎಂಬ ಸಣ್ಣ ಸಪ್ಪಳ ಬಿಟ್ಟರೆ ಸದ್ದಿಲ್ಲ, ಗದ್ದಲವಿಲ್ಲ. ಅದು ಕೈಗೆ ಬಂದದ್ದೇ ಇಬ್ಬರೂ ಮೂಲೆ ಸೇರಿ ಕಲ್ಲಿನಂತೆ ಕೂತರು. ನನಗೆ ತಮ್ಮನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಆದರೂ ತಾಯಿಯೆಂದ ಮೇಲೆ ಒಂದು ಶಿಸ್ತು ಬೇಡವೆ? ಬಹಳ ಯೋಚಿಸಿ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಕಾಯಿದೆ ಹೊರಡಿಸಿದೆ: "ಅಪ್ಪ ಎಚ್ಚರ ಇದ್ದಾಗ ಮುಟ್ಟೂ ಹಂಗಿಲ್ಲ. ಅಪ್ಪ ಮಲಗಿದ ಮ್ಯಾಲೆ ಆಟ."

ಆ ದಿನದಿಂದ ನಮ್ಮ ಮನೆಯಲ್ಲಿ ಪಿತೃಭಕ್ತಿ ಉಕ್ಕಿ ಹರಿಯತೊಡಗಿತು. ರವಿವಾರ ಆಗಷ್ಟೇ ಎದ್ದು ಹಲ್ಲುಜ್ಜುತ್ತಿದ್ದ ಮನುಷ್ಯನಿಗೆ ಶಶಿ, "ಅಪ್ಪಾ, ಭಾಳ ದಣದೀರಿ. ಒಂದೀಟು ಮಲಕ್ಕೋರಿ" ಎನ್ನುವಳು. ಗಿರೀಶ ಓಡಿಹೋಗಿ ಕಿಟಕಿ ಮುಚ್ಚುವನು. ಒಬ್ಬರು ಕಾಲು ಒತ್ತಿದರೆ ಇನ್ನೊಬ್ಬರು ರಟ್ಟು ಹಿಡಿದು ಗಾಳಿ ಬೀಸುವುದು. ಗೊರಕೆ ಶುರುವಾದದ್ದೇ ಇಬ್ಬರೂ ಮೆಲ್ಲಗೆ ಜಾರಿ ಮೂಲೆ ಸೇರುವುದು. ಇದೊಂದೂ ತಿಳಿಯದ ನಮ್ಮವರು ಹಿಗ್ಗಿ ಹೀರೇಕಾಯಿಯಾದರು. "ನಮ್ಮ ಪಾಳಿಯ ಸಾವಂತನ ಮಗಾ ಅಪ್ಪಗ ಒಂದು ತಂಬಿಗಿ ನೀರು ಸೈತ ಕೊಡಂಗಿಲ್ಲಂತ. ನಮ್ಮವು ನೋಡು, ಕಾಲು ಒತ್ತತಾವು!" ಎನ್ನುವಾಗ ಅವರ ದನಿ ಒದ್ದೆಯಾಗುತ್ತಿತ್ತು. ಪಾಳಿಯ ಮನುಷ್ಯ ಪಾಪ. ಅವರು ಬರುವಾಗ ಮಕ್ಕಳು ನಿದ್ದೆಯಲ್ಲಿ, ಮಕ್ಕಳು ಆಡುವಾಗ ಅವರು ನಿದ್ದೆಯಲ್ಲಿ.

ಇತ್ತ ಮಕ್ಕಳು ಕಣ್ಣು ಕೆಂಪು ಮಾಡಿಕೊಂಡು, ಅಂಗಳದ ಕುಂಟಾಬಿಲ್ಲೆ ಮರೆತು, ಹೊಳೆಯ ಹೆಸರು ಕೂಡ ಎತ್ತದೆ ಕೂತಿದ್ದರು. ಊಟಕ್ಕೆ ಕೂತರೆ ಗಿರೀಶನ ಹೆಬ್ಬೆರಳು ತಾಟಿನ ಅಂಚನ್ನು ಒತ್ತುತ್ತಿತ್ತು. ಆ ಗೇಮನ್ನು ಒಲೆಗೆ ಹಾಕಬೇಕೆಂದು ದಿನಾ ಅನಿಸುತ್ತಿತ್ತು. ಆದರೆ ಹಾಕಿದರೆ ಕಾಲು ಒತ್ತುವವರು ಯಾರು? ಇದೆಲ್ಲ ತೆಂಗಿನಕಾಯಿಯ ಮಹಿಮೆ ಎಂದು ಆ ಮನುಷ್ಯನಿಗೆ ಗೊತ್ತಾದರೆ ಎದೆ ಒಡೆಯುವುದಿಲ್ಲವೆ? ಬಾಯಿ ಬಿಡಲಾರದೆ ದಿನ ದೂಡಿದೆ.

ಕೊನೆಗೆ ಗೇಮಿನ ಸೆಲ್ಲೇ ಕೈಕೊಟ್ಟಿತು. ವಾಚಿಗೆ ಹಾಕುವಂಥ ಪುಟ್ಟ ಸೆಲ್ಲು. ದಾಂಡೇಲಿಯಲ್ಲಿಲ್ಲ, ಹಳಿಯಾಳದಲ್ಲೂ ಸಿಗಲಿಲ್ಲ, ಹುಬ್ಬಳ್ಳಿಗೇ ಹೋಗಬೇಕು ಎಂದರು. ಅದು ಕೆಡಲೆಂದು ಹರಕೆ ಹೊತ್ತವಳು ನಾನು. ಕೆಟ್ಟಾಗ, ಇನ್ನು ಇವರ ಕಾಲು ಒತ್ತುವವರು ಯಾರು ಎಂದು ಹೆದರಿದವಳೂ ನಾನೇ. ಮರುದಿನ ಪಾಳಿ ಮುಗಿಸಿ ಬಂದ ನಮ್ಮವರು ಕಣ್ಣು ಮುಚ್ಚಿ, ಎರಡೂ ಕಾಲು ಚಾಚಿ ಮಲಗಿದರು. ಕಾದರು. ಯಾರೂ ಬರಲಿಲ್ಲ. ಮತ್ತೆ ಸ್ವಲ್ಪ ಕಾಲು ಮುಂದೆ ಸರಿಸಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಾನೇ ಹೋಗಿ ಒತ್ತಿಬಿಡಲೇ ಎನ್ನುವಷ್ಟರಲ್ಲಿ ಶಶಿ ಬಂದು ಅವರ ಹೆಬ್ಬೆರಳು ಹಿಡಿದು ಜಗ್ಗಿದಳು.

"ಅಪ್ಪಾ, ಏಳ್ರಿ. ಸೆಲ್ಲು ಹೋಗೇತಿ. ಈಗ ನೀವು ಮಲಗಿ ಏನ್ ಉಪಯೋಗ? ಕೋಗಿಲಬನದ ಕಡೆ ಹೊಳಿಗೆ ಹೋಗೂಣು."

ಸತ್ತೆನಪ್ಪಾ ಎಂದುಕೊಂಡೆ. ನಮ್ಮವರು ಕಣ್ಣು ತೆರೆಯದೆಯೇ ನಕ್ಕರು. "ನನಗ ಮೊದಲಿಂದ ಗೊತ್ತೈತಿ ಬಿಡ. ಆ ಟಿಕ್ ಟಿಕ್ ಒಳಗ ಯಾರಿಗೆ ನಿದ್ದಿ ಬರತೈತಿ?"

"ಮತ್ತ ಗೊರಕಿ ಹೊಡೀತಿದ್ರಲ್ಲರೀ!" ಎಂದೆ.

"ಗೊರಕಿ ಹೊಡದ್ರ ಹುಡುಗ್ರು ಮೂಲ್ಯಾಗ ಕುಂತು ಮಾತಾಡ್ತಾವು. ಜಗಳಾಡ್ತಾವು, ನಗತಾವು. ನನಗ ಮತ್ತ್ಯಾವಾಗ ಕೇಳಾಕ ಸಿಗಬೇಕು?"

ಇಷ್ಟು ದಿನ ನಾನೊಬ್ಬಳೇ ಪೆದ್ದಿಯಂತೆ ಕೊರಗಿದೆನಲ್ಲ ಎಂದು ಮೈಯೆಲ್ಲ ಉರಿಯಿತು. ಉರಿಯ ಹಿಂದೆಯೇ ಅಳುವೂ ಬಂತು, ಸೆರಗಿನಿಂದ ಒರೆಸಿಕೊಂಡೆ. ಅವರು ಆಕಳಿಸುತ್ತ, ಹೆಗಲಿಗೆ ಟಾವೆಲ್ಲು ಹಾಕಿಕೊಂಡು ಮಕ್ಕಳ ಹಿಂದೆ ಹೊರಟೇಬಿಟ್ಟರು. "ಮೊಸಳಿ ಅದಾವ್ರಿ, ನೀರಿಗೆ ಇಳೀಬ್ಯಾಡ್ರಿ, ದಂಡೀ ಮ್ಯಾಲೇ ಕುಂದರ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಹಗಲುಹೊತ್ತು ನಮ್ಮ ಮನೆಯಲ್ಲಿ ಅಷ್ಟು ಜೋರಾಗಿ ಕೂಗಿ ಯಾವ ಕಾಲವಾಗಿತ್ತೋ! ಮುಂದೆ ಸೆಲ್ಲೂ ಬಂತು, ಆಟವೂ ನಡೆಯಿತು. ಆದರೆ ಕಾಯಿದೆ ಬದಲಾಯಿತು: ಹೊಳೆಗೆ ಹೋಗಿ ಬಂದ ಮೇಲೆ ಆಟ, ಅದೂ ಅಪ್ಪನ ಪಾಳಿ ಬಂದಾಗ ಅಪ್ಪನಿಗೂ ಕೊಟ್ಟು. ಅವರ ಬುಟ್ಟಿಗೆ ಒಂದು ಕಾಯೂ ಬೀಳುತ್ತಿರಲಿಲ್ಲ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಇದನ್ನೆಲ್ಲ ನೋಡಿ ನನಗೂ ಆಸೆಯಾಗದಿರುತ್ತದೆಯೆ? ಅವರಿಗೆ ಹಗಲು ಪಾಳಿ ಬಿದ್ದ ವಾರ, ಒಂದು ಮಧ್ಯಾಹ್ನ ಅವರು ಕಾರ್ಖಾನೆಯಲ್ಲಿದ್ದಾಗ ನಾನೂ ಕಣ್ಣು ಮುಚ್ಚಿ, ಕಾಲು ಚಾಚಿ ಮಲಗಿದೆ. ಶಶಿ ಬಂದು ಬಗ್ಗಿ ನೋಡಿದಳು. ಇನ್ನೇನು ಕಾಲಿಗೆ ಕೈ ಹಾಕುತ್ತಾಳೆ ಎಂದು ನಾನು ಉಸಿರು ಹಿಡಿದಿದ್ದರೆ, ಆಕೆ ಗಿರೀಶನಿಗೆ ಪಿಸುಗುಟ್ಟಿದಳು: "ಅವ್ವಗ ನಿದ್ದಿ ಹತ್ತೇತಿ. ಬಾ, ಉಂಡಿ ಡಬ್ಬಿ ಇಳಸೂಣು."

ಎದ್ದು ಇಬ್ಬರ ಬೆನ್ನಿಗೂ ಒಂದೊಂದು ಬಿಗಿಯಬೇಕಿತ್ತು. ಆದರೆ ಅಡಿಗೆಮನೆಯಲ್ಲಿ ಅವೆರಡೂ ಏನೋ ಗುಸುಗುಸು ಮಾತಾಡುತ್ತ ಕಿಸಕ್ಕನೆ ನಕ್ಕವು. ನಾನು ಇನ್ನಷ್ಟು ಜೋರಾಗಿ ಗೊರಕೆ ಹೊಡೆದೆ.