ಸ್ವಲ್ಪ ಆ ಕಡೆ ಸರಿಯಪಾ

ಕಣ್ಣಿದ್ದವರೆಲ್ಲ ನೋಡುತ್ತಾರೆ ಎಂಬುದು ಒಂದು ದೊಡ್ಡ ತಪ್ಪು ತಿಳಿವಳಿಕೆ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಹೀಗೆ ಹೇಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಹೊಸಪೇಟೆಯ ಒಂದು ಕಾಲೇಜಿನಲ್ಲಿ ನಾನು ಮನಶ್ಶಾಸ್ತ್ರದ ಪ್ರಾಧ್ಯಾಪಕ. ಮನುಷ್ಯನ ಗಮನ ಎತ್ತ ಹೋಗುತ್ತದೆ, ಕಣ್ಣೆದುರಿಗೇ ಇದ್ದದ್ದು ಅವನಿಗೆ ಯಾಕೆ ಕಾಣುವುದಿಲ್ಲ ಎಂಬುದೇ ನನ್ನ ಸಂಶೋಧನೆ. ವಿದ್ಯಾರ್ಥಿಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪರದೆಯ ಮೇಲೆ ಓಡಾಡುವ ಕೆಂಪು ಚುಕ್ಕೆಗಳನ್ನು ಎಣಿಸಲು ಹೇಳುತ್ತೇನೆ. ಅವರು ಎಣಿಕೆಯಲ್ಲಿ ಮುಳುಗಿರುವಾಗ ನಡುವೆ ಒಂದು ಹಸಿರು ಚೌಕ ನಿಧಾನವಾಗಿ ಹಾದುಹೋಗುತ್ತದೆ. ಆಮೇಲೆ "ಹಸಿರು ಚೌಕ ಕಂಡಿತೇ?" ಎಂದು ಕೇಳಿದರೆ ಬಹಳ ಜನ "ಯಾವ ಚೌಕ ಸರ್?" ಎಂದು ನನ್ನನ್ನೇ ಕೇಳುತ್ತಾರೆ. ಆಗ ನನಗಾಗುವ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಬಂದು ಹೆಂಡತಿ ಗಿರಿಜಾಳಿಗೆ ಹೇಳಿದರೆ ಅವಳು, "ಫ್ರಿಜ್ಜಿನಾಗ ಮುಂದ ಕುಂತ ಮೊಸರಿನ ಗಡಿಗಿ ನಿಮಗ ಇವತ್ತಿನತನಾ ಕಂಡಿಲ್ಲ. ಆ ಹುಡುಗರನ್ನ ಯಾಕ ಆಡ್ಕೋತೀರಿ?" ಎನ್ನುತ್ತಾಳೆ. ಸಂಶೋಧಕನಿಗೂ ಅವನ ಸಂಶೋಧನೆಗೂ ಸಂಬಂಧವಿರಬೇಕಿಲ್ಲ ಎಂದು ಅವಳಿಗೆ ತಿಳಿಹೇಳಿ ಸಾಕಾಗಿದೆ.

ಒಮ್ಮೆ ಪ್ರಯೋಗಶಾಲೆಯ ಹೊರಗೂ ಪರೀಕ್ಷಿಸೋಣವೆಂದು ಹಂಪಿಗೆ ಹೋಗಿ, ಗುಡಿ ನೋಡಿ ಹೊರಬಂದ ಪ್ರವಾಸಿಗಳನ್ನು ನಿಲ್ಲಿಸಿ "ಒಳಗೆ ಏನು ನೋಡಿದಿರಿ?" ಎಂದು ಕೇಳುತ್ತಿದ್ದೆ. ಶಿಲ್ಪ, ಗೋಪುರ, ಕಂಬ ಯಾವುದೂ ಅವರ ಬಾಯಿಂದ ಬರಲಿಲ್ಲ. ಎಲ್ಲರೂ ಹೇಳಿದ್ದು ಬಾಳೆಹಣ್ಣು ಕಿತ್ತುಕೊಂಡು ಹೋದ ಕೋತಿಯ ಕಥೆ. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಗೈಡ್ ಒಬ್ಬ, "ಸರ್, ಆ ಕೋತಿನ ಕಂಬಕ್ಕ ಕಟ್ಟಿ ಹಾಕಿಸ್ರಿ. ಜನಕ್ಕ ಎರಡೂ ನೆನಪಿರ್ತಾವು" ಎಂದ. ಈ ಸಲಹೆಯನ್ನು ನಾನು ನನ್ನ ಪ್ರಬಂಧದಲ್ಲಿ ಸೇರಿಸಲಿಲ್ಲ. ಸೇರಿಸಿದ್ದರೆ ಅದೊಂದಾದರೂ ಓದುವವರ ನೆನಪಿನಲ್ಲಿ ಉಳಿಯುತ್ತಿತ್ತೋ ಏನೋ.

ಇಂಥ ನನ್ನನ್ನು ನಮ್ಮಣ್ಣ ಒಂದು ಮಹತ್ಕಾರ್ಯಕ್ಕೆ ಆರಿಸಿದ. ಅವನ ಮಗಳು ಸವಿತಾ ಸಂಡೂರಿನ ಶಾಲೆಯಲ್ಲಿ ಗಣಿತದ ಟೀಚರು. ಅವಳಿಗೆ ಎಮ್ಮಿಗನೂರಿನ ರೈಸ್ ಮಿಲ್ಲಿನವರ ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಆ ದಿನ ನಾನು ಧಾರವಾಡದ ಸೆಮಿನಾರಿನಲ್ಲಿ ಗಮನದ ಕುರಿತು ಮಾತಾಡುತ್ತಿದ್ದೆ. ಅಲ್ಲಿದ್ದವರ ಗಮನವೆಲ್ಲ ಊಟದ ಮೇಲಿತ್ತು, ಆ ಮಾತು ಬೇರೆ. ಇನ್ನು ನಮ್ಮಲ್ಲಿಯ ಪದ್ಧತಿಯಂತೆ ಹೆಣ್ಣಿನವರು ಹೋಗಿ ಗಂಡಿನ ಮನೆ ನೋಡಿಬರಬೇಕು. ಅಣ್ಣ, "ನೀನೂ ಬಾರಪಾ. ನೋಡೋದರಾಗನ ಡಾಕ್ಟರೇಟ್ ಮಾಡೀಯಲ್ಲ, ನೀ ನೋಡಿ ಹೇಳಿದ್ರ ಮುಗೀತು" ಎಂದ. ಗಿರಿಜಾ ಏನೋ ಹೇಳಲು ಬಾಯಿ ತೆರೆದವಳು, ಅತ್ತಿಗೆಯ ಮುಖ ನೋಡಿ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು.

ಹೊರಡುವ ಮುಂಚೆ ಸವಿತಾ ನನ್ನನ್ನು ಹಿತ್ತಲಿಗೆ ಕರೆದಳು. ಎಳವೆಯಿಂದ ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ. ನನಗೆ ಮಗಳಿಲ್ಲದ ಕೊರತೆ ತುಂಬಿದವಳು. "ಕಾಕಾ, ಮನಿ, ಮಿಲ್ಲು, ಕಾರು ಎಲ್ಲಾ ಅಪ್ಪ ನೋಡ್ತಾನ. ನೀವು ಒಂದ ಒಂದು ನೋಡ್ಕೊಂಡು ಬರ್ರಿ. ಎದುರಿಗೆ ಇರೋ ಮನಷ್ಯಾನ ಕಡೆ ಅವರಿಗೆ ಲಕ್ಷ್ಯ ಇರ್ತೈತೋ ಇಲ್ಲೋ? ಅವತ್ತು ಇಲ್ಲಿ ಚಲೋನ ಮಾತಾಡಿದ್ರು. ಆದ್ರ ಬೀಗರ ಮನ್ಯಾಗ ಎಲ್ಲಾರೂ ಚಲೋನ ಇರ್ತಾರ. ಅಮ್ಮ ಮಾತಾಡಿದ್ರ ಅಪ್ಪ ಫೋನ್ ನೋಡ್ಕೋತ ಹ್ಞೂಂ ಅಂತಾನ. ಹಂಗಿದ್ರ ನನಗ ಬ್ಯಾಡ. ನೀವು ಹ್ಞೂಂ ಅಂದ್ರ ನಾನೂ ಹ್ಞೂಂ" ಎಂದಳು. ನನ್ನ ಎದೆ ಉಬ್ಬಿತು. ಇಷ್ಟು ವರ್ಷಗಳಲ್ಲಿ ನನ್ನ ವಿದ್ಯೆಯನ್ನು ನಂಬಿದ ಮೊದಲನೆಯ ಜೀವ ಅದು.

ಕಂಪ್ಲಿಯ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಎಮ್ಮಿಗನೂರು ಮುಟ್ಟಿದೆವು. "ಬರ್ರಿ ಬರ್ರಿ, ಕುಂದ್ರಿ" ಎಂದು ಸ್ವಾಗತವಾಯಿತು. ಗಂಡಿನ ತಂದೆ ಅಣ್ಣನನ್ನು ಮಿಲ್ಲು ತೋರಿಸಲು ಕರೆದೊಯ್ದರು. ಅತ್ತಿಗೆಯೂ ಗಿರಿಜಾಳೂ ಹೆಂಗಸರ ಜೊತೆ ಒಳಗೆ ಹೋದರು. ಪಡಸಾಲೆಯಲ್ಲಿ ಉಳಿದವನು ನಾನು. ಎದುರಿಗೆ ಮೆತ್ತನೆಯ ಕುರ್ಚಿ. ಅದರಲ್ಲಿ ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ತಲೆ ತಗ್ಗಿಸಿ ಕೂತ ತರುಣ. ಒಗ್ಗರಣೆ ಮಂಡಕ್ಕಿ, ಮಿರ್ಚಿಯ ತಟ್ಟೆ ಮೊದಲು ಅವನಿಗೇ ಬಂತು. ನನಗಿನ್ನೇನು ಬೇಕು? ನಾನು ಗಿರಿಜಾಳನ್ನು ನೋಡಲು ಹೋದಾಗ ನನ್ನನ್ನೂ ಇಂಥದೇ ಕುರ್ಚಿಯಲ್ಲಿ ಕೂರಿಸಿದ್ದರು, ನಾನೂ ಹೀಗೇ ನೆಲ ನೋಡುತ್ತಿದ್ದೆ. ಫೋಟೋದಲ್ಲಿ ಕಂಡಿದ್ದ ಮೀಸೆಯೂ ಇತ್ತು. ಈ ಭಾಗದಲ್ಲಿ ಮೀಸೆ ಯಾರಿಗಿಲ್ಲ ಎಂಬ ಪ್ರಶ್ನೆ ಮಾತ್ರ ಆಗ ನನಗೆ ಹೊಳೆಯಲಿಲ್ಲ.

ನಾನು ಕೆಲಸ ಶುರುಮಾಡಿದೆ. ಹುಡುಗ ಗಲ್ಲಕ್ಕೆ ಕೈಯಾನಿಸಿ ಕೂತಿದ್ದ. ಆಳವಾಗಿ ಆಲಿಸುವವರ ಭಂಗಿ ಅದು. ನಾನು ಏನು ಕೇಳಿದರೂ ತಲೆಯಾಡಿಸುತ್ತಿದ್ದನೇ ಹೊರತು ನಡುವೆ ಬಾಯಿ ಹಾಕುತ್ತಿರಲಿಲ್ಲ. ಜೇಬಿನಿಂದ ಫೋನು ತೆಗೆಯಲಿಲ್ಲ. ಬಿಸಿ ಮಿರ್ಚಿಯನ್ನು ಕಣ್ಣೆತ್ತಿ ನೋಡಿ, ಮುಟ್ಟದೆ ಪಕ್ಕಕ್ಕಿಟ್ಟ; ಎಂಥ ಸಂಯಮ! ನನ್ನ ಈ ಅಧ್ಯಯನಕ್ಕೆ ಒಂದೇ ಒಂದು ತೊಂದರೆ. ಮನೆಯ ಇನ್ನೊಬ್ಬ ಹುಡುಗ, ತೋಳು ಮಡಚಿದ ಅಂಗಿಯವನು, ತಟ್ಟೆ ಇಡುವುದು, ಲೋಟ ಎತ್ತುವುದು, ಫ್ಯಾನು ನನ್ನ ಕಡೆ ತಿರುಗಿಸುವುದು ಎಂದು ಅಡ್ಡಡ್ಡ ಸುಳಿದಾಡುತ್ತಿದ್ದ. ಚಹಾ ತಂದ, ವಾಪಸು ಒಯ್ದ, ಮತ್ತೆ ತಂದ. "ಸರ್, ನೀವು ಏನೋ ರಿಸರ್ಚ್ ಮಾಡ್ತೀರಂತಲ್ರಿ, ಏನ್ರಿ ಅದು?" ಎಂದು ನನ್ನ ಮುಂದೆಯೇ ಬಂದು ನಿಂತ. ಮದುಮಗ ಪೂರ್ತಿ ಮರೆಯಾದ. "ಆಮ್ಯಾಲ ಹೇಳ್ತೀನಿ. ಸ್ವಲ್ಪ ಆ ಕಡೆ ಸರಿಯಪಾ, ಕಾಣವಲ್ದು" ಎಂದೆ. ಪಾಪ, ಸರಿದ.

ಅಣ್ಣನ ಮನೆಗೆ ಬಂದ ಕೂಡಲೇ ಅಂಗಳದಲ್ಲೇ ಎಲ್ಲರ ನಡುವೆ ನಿಂತು ವರದಿ ಒಪ್ಪಿಸಿದೆ. "ಸವಿತಾ, ಹುಡುಗ ಬಂಗಾರ! ಮಾತು ಕೇಳೋದಂದ್ರ ಹಂಗ ಕೇಳಬೇಕು. ಇದ್ದಷ್ಟು ಹೊತ್ತೂ ಬಾಯಿ ತೆರೀಲಿಲ್ಲ ನೋಡು!" ಸವಿತಾಳ ಹುಬ್ಬು ಗಂಟಾಯಿತು. "ಬಾಯಿ ತೆರೀಲಿಲ್ಲಾ? ಇಲ್ಲಿ ಬಂದಾಗ ಅಷ್ಟು ಮಾತಾಡಿದ್ರಲ್ಲ ಕಾಕಾ?" ಗಿರಿಜಾ ನಿಧಾನವಾಗಿ ನನ್ನತ್ತ ತಿರುಗಿದಳು. "ನೀವು ಯಾರನ್ನ ನೋಡಿದ್ರಿ?"

"ಮೆತ್ತನ ಕುರ್ಚ್ಯಾಗ ಕುಂತಿದ್ದನಲ್ಲ, ಬಿಳಿ ಅಂಗಿ."

"ಅಯ್ಯ ಶಿವನ! ಅವರು ಆ ಮನಿ ಅಳಿಯರ್ರೀ! ಮಗಳ ಗಂಡ. ನಿನ್ನೆ ಬಳ್ಳಾರ್ಯಾಗ ಹಲ್ಲು ಕೀಳಿಸ್ಕೊಂಡು ಬಂದಾರ. ಬಾಯಿ ತೆರೀಬ್ಯಾಡ್ರಿ ಅಂತ ಡಾಕ್ಟ್ರು ಹೇಳ್ಯಾರ!"

ಅಳಿಯ ಬಂದಿರುವ ಮನೆಯಲ್ಲಿ ಮೆತ್ತನೆಯ ಕುರ್ಚಿಯೂ ಮೊದಲ ತಟ್ಟೆಯೂ ಅವನಿಗೇ ಸಲ್ಲಬೇಕು. ಮನೆಮಗ ಎದ್ದು ಉಪಚಾರ ಮಾಡಬೇಕು. ಇದು ನಮ್ಮ ಸೀಮೆಯ ಚಿಕ್ಕ ಮಕ್ಕಳಿಗೂ ಗೊತ್ತು. ನಾನೇ ಮಾವನ ಮನೆಯಲ್ಲಿ ಅಂಥ ಕುರ್ಚಿಯನ್ನು ಬೆಚ್ಚಗೆ ಮಾಡಿದವನು. ನನ್ನ ಹಸಿರು ಚೌಕ ಇಡೀ ಮಧ್ಯಾಹ್ನ ತೋಳು ಮಡಚಿಕೊಂಡು ಕಣ್ಣೆದುರೇ ಹಾದುಹೋಗಿತ್ತು. ಅದಕ್ಕೆ ನಾನು ಸರಿಯಪಾ ಎಂದು ಬೇರೆ ಹೇಳಿದ್ದೆ.

ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಕ್ಕರು. ಸವಿತಾ ನಗಲಿಲ್ಲ. "ಹಂಗಾದ್ರ ಅವರು ಹೆಂಗದಾರ ಅಂತ ನಿಮಗೂ ಗೊತ್ತಿಲ್ಲ" ಎಂದಳು, ಅಷ್ಟೇ. ನನಗೆ ನಿಜಕ್ಕೂ ಸಂಕಟವಾಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸಂಜೆಯೊಳಗೆ ಹ್ಞೂಂ, ಊಹ್ಞೂಂ ಏನಾದರೊಂದು ಹೇಳಬೇಕು ಎಂದು ಅಣ್ಣ ತಲೆ ಕೆರೆದುಕೊಳ್ಳುತ್ತಿರುವಾಗಲೇ ಎಮ್ಮಿಗನೂರಿನಿಂದ ಫೋನು ಬಂತು. ಗಂಡು ಮಲ್ಲಿಕಾರ್ಜುನನೇ. ಅಣ್ಣನ ಫೋನಿನ ಧ್ವನಿ ಯಾವಾಗಲೂ ಊರಿಗೆಲ್ಲ ಕೇಳುವಂಥದು.

"ಮಾವಾರ, ಸುಮ್ನ ಫೋನ್ ಮಾಡಿದೆ. ಕಾಕಾರು ನಮ್ಮ ಅಕ್ಕನ ಗಂಡನ ಚಪ್ಪಲಿ ಹಾಕ್ಕೊಂಡು ಹೋಗ್ಯಾರ, ಏನೂ ಗಾಬರಿ ಬ್ಯಾಡ, ಅವರ ಚಪ್ಪಲಿ ಇಲ್ಲೇ ತೆಗೆದಿಟ್ಟೀನಿ. ಮತ್ತ ಅವರಿಗೆ ಸಕ್ಕರಿ ಆಗಂಗಿಲ್ಲೇನ್ರಿ? ಮೊದಲ ಚಾ ಒಂದು ಗುಟುಕು ಕುಡುದು ಹಂಗ ಇಟ್ರು. ಸಕ್ಕರಿ ಬಿಟ್ಟು ಮಾಡಿಸ್ಕೊಂಡು ಬಂದೆ, ಪೂರ್ತಿ ಕುಡಿದ್ರು. ಏನೋ ವಿಚಾರದಾಗ ಇದ್ರು ಅನಸ್ತೈತಿ, ನಾನ ಅಡ್ಡ ನಿಂತು ತ್ರಾಸ ಕೊಟ್ಟೆ. ಆರಾಮ ಅದಾರಲ್ರಿ?"

ಎಲ್ಲರೂ ನನ್ನ ಕಾಲು ನೋಡಿದರು. ನಾನೂ ನೋಡಿದೆ. ಚಪ್ಪಲಿ ನನ್ನದಲ್ಲ. ಯಾಕೋ ಇವತ್ತು ನಡೆಯಲು ಹಗುರ ಅನ್ನಿಸುತ್ತಿದೆ ಎಂದು ಕಾರು ಇಳಿದಾಗ ನಾನೇ ಅಂದುಕೊಂಡಿದ್ದೆ. ಚಹಾದಲ್ಲಿ ಸಕ್ಕರೆಯಿತ್ತೋ ಇಲ್ಲವೋ ಎಂಬುದು ಕುಡಿದ ನನಗೇ ತಿಳಿದಿರಲಿಲ್ಲ. ಸವಿತಾ ಈಗ ನಕ್ಕಳು; ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನಕ್ಕು ಮುಗಿಸಿ, ಅಪ್ಪನ ಕೈಗೆ ನಿಧಾನವಾಗಿ ತಟ್ಟಿ, "ಹ್ಞೂಂ ಅಂತ ಹೇಳಪಾ" ಎಂದಳು. ನೋಡಲು ಕಳಿಸಿದ್ದು ನನ್ನನ್ನು, ನೋಡಿದವನು ಅವನು. ಫಲಿತಾಂಶ ಬಂತಲ್ಲ, ಅದು ಯಾರ ಕಣ್ಣಿನಿಂದ ಬಂದರೇನು ಎಂದು ನಾನು ಗಂಭೀರವಾಗಿ ವಾದಿಸಿದೆ. ಗಿರಿಜಾ ಒಪ್ಪಲಿಲ್ಲ.

ನಿಶ್ಚಯವಾದ ಮೇಲೆ ಆ ಹುಡುಗ ಮೊದಲ ಬಾರಿ ನಮ್ಮ ಮನೆಗೆ ಊಟಕ್ಕೆ ಬಂದ, ಕೈಯಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡು. ಅಂದು ಅವನನ್ನು ಕಣ್ಣು ತುಂಬ ನೋಡಿದೆ. ಮೆತ್ತನೆಯ ಕುರ್ಚಿಯಲ್ಲಿ ನಾನೇ ಕೈಹಿಡಿದು ಕೂರಿಸಿದೆ, ನನ್ನ ಸಂಶೋಧನೆಯ ಬಗ್ಗೆ ಅವನು ಅಂದು ಕೇಳಿದ್ದ ಪ್ರಶ್ನೆಗೆ ವಿಸ್ತಾರವಾಗಿಯೇ ಉತ್ತರ ಕೊಟ್ಟೆ. ಊಟದ ಕೊನೆಗೆ ಅಳಿಯನಿಗೆ ಮೊಸರು ನಾನೇ ಬಡಿಸಬೇಕೆಂದು ಎದ್ದು ಅಡುಗೆಮನೆಗೆ ಹೋಗಿ ಫ್ರಿಜ್ಜು ತೆರೆದು ಹುಡುಕುತ್ತಿದ್ದೆ. ಹಿಂದಿನಿಂದ ಯಾರೋ ಬಂದು ಬೆಳಕಿಗೆ ಅಡ್ಡ ನಿಂತರು. ತಿರುಗದೆಯೇ, "ಸ್ವಲ್ಪ ಆ ಕಡೆ ಸರಿಯಪಾ, ಕಾಣವಲ್ದು" ಎಂದೆ. ಬಂದವರು ಸರಿದರು. ಆಮೇಲೆ ನನ್ನ ಭುಜದ ಮೇಲಿಂದ ತೋಳು ಮಡಚಿದ ಅಂಗಿಯ ಕೈಯೊಂದು ಬಂದು, ನನ್ನ ಮೂಗಿನ ಮುಂದಿದ್ದ ಮೊಸರಿನ ಗಡಿಗೆಯನ್ನು ಮೆಲ್ಲಗೆ ಎತ್ತಿಕೊಂಡಿತು. ಯಾರೆಂದು ನೋಡಲು ನಾನು ತಿರುಗಲಿಲ್ಲ. ಆ ಒಂದನ್ನು ಮಾತ್ರ ನಾನು ನೋಡದೆಯೇ ಗುರುತಿಸಿದೆ.